ಉತ್ತರದ ಕಿಟಕಿ

ನಮ್ಮ ರಾಜಾಜಿನಗರದ ಹಳೇ ಮನೆಗಳಲ್ಲಿ ಗೋಡೆಗೆ ಹಾಕಿದ ಹಿರಿಯರ ಫೋಟೋಗಳನ್ನು ಹತ್ತಿರ ಹೋಗಿ ನೋಡಿ. ಎಷ್ಟೋ ಪಟಗಳಲ್ಲಿ ಹೆಗಲ ಪಕ್ಕ ಇನ್ಯಾರದೋ ತೋಳಿನ ತುಣುಕು ಉಳಿದಿರುತ್ತದೆ. ಮದುವೆಯ ಗ್ರೂಪ್ ಫೋಟೋದಿಂದ ಮುಖವೊಂದನ್ನೇ ತೆಗೆದು, ದೊಡ್ಡದು ಮಾಡಿಸಿ, ಕುಂಚದಲ್ಲಿ ತಿದ್ದಿಸಿ ಕಟ್ಟು ಹಾಕಿಸಿದ್ದು. ಅಪ್ಪನೋ ಅಮ್ಮನೋ ಒಬ್ಬರೇ ಕ್ಯಾಮೆರಾ ಮುಂದೆ ಕೂತದ್ದು ಅಪರೂಪ. ಕೂತರೂ ಸ್ಟುಡಿಯೋದ ಪರದೆ ಮುಂದೆ, ಉಸಿರು ಬಿಗಿಹಿಡಿದು.

1949ರಲ್ಲಿ ಹುಟ್ಟಿದ ಬಡಾವಣೆ ಇದು. ಕಾರ್ಖಾನೆ ಸಂಬಳದಲ್ಲಿ ಮನೆ ಕಟ್ಟಿಕೊಂಡವರ ಕೈಗೆ ಆಮೇಲೆ ಬಂದ ಕ್ಯಾಮೆರಾಗಳಲ್ಲಿ ಆಗ್ಫಾ ಕ್ಲಿಕ್ 3 ಒಂದು. 120 ರೋಲಿಗೆ 12 ಚಿತ್ರ. ಲೆನ್ಸಿನ ದ್ವಾರ ಎಫ್ 8.8ಕ್ಕಿಂತ ಅಗಲವಾಗದು, ಶಟರಿಗೆ ಸುಮಾರು 1/30 ಸೆಕೆಂಡಿನ ಒಂದೇ ವೇಗ. ಅಷ್ಟರಲ್ಲಿ ಕೋಣೆಯೊಳಗಿನ ಮುಖ ಫಿಲ್ಮಿನ ಮೇಲೆ ಸರಿಯಾಗಿ ಮೂಡುವುದೇ ಇಲ್ಲ. ಆ ಕಾಲದ ಅಮ್ಮಂದಿರು ಅಂಗಳದ ಬಿಸಿಲಲ್ಲಿ ಕಣ್ಣು ಕಿರಿದು ಮಾಡಿ ನಿಂತಿರುವುದು ಇದಕ್ಕೇ. ಮೊಮ್ಮಕ್ಕಳು ಅದನ್ನು ಸಿಟ್ಟು ಅಂದುಕೊಳ್ಳುತ್ತಾರೆ.

ಒಳಮನೆಯ ಬೆಳಕು ದಕ್ಕಿದ್ದು ಎಫ್ 3.5 ಲೆನ್ಸಿನ ಯಾಶಿಕಾದಂಥ ಕ್ಯಾಮೆರಾ ಬಂದ ಮೇಲೆ. ನನ್ನ ಸೋದರಮಾವ ಅಂಥದ್ದೊಂದನ್ನು ಎರವಲು ಕೊಟ್ಟರು. ನಮ್ಮಪ್ಪ ಕ್ಷೌರಕ್ಕೆ ಕನ್ನಡಿ ತೂಗುಹಾಕುತ್ತಿದ್ದದ್ದು ನಡುಮನೆಯ ಉತ್ತರದ ಕಿಟಕಿ ಪಕ್ಕ. ಮನೆಯ ಒಳ್ಳೇ ಬೆಳಕನ್ನು ಅವರು ನನಗಿಂತ ಎಷ್ಟೋ ಮೊದಲೇ ಕಂಡುಕೊಂಡಿದ್ದರು.

ಹಳೇ ಸ್ಟುಡಿಯೋಗಳು ಉತ್ತರಕ್ಕೆ ಗಾಜು ಹಾಕಿಸುತ್ತಿದ್ದದ್ದು ನೇರ ಬಿಸಿಲು ಬೀಳದಿರಲೆಂದು. ಆದರೆ ಅದು ಯುರೋಪಿನ ಆಕಾಶ ನೋಡಿ ಕಲಿತ ಪಾಠ. ಬೆಂಗಳೂರಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬಂದು, ಆಗಸ್ಟ್ 18ರವರೆಗೆ ಉತ್ತರಕ್ಕೇ ವಾಲಿರುತ್ತಾನೆ. ಮೇ ತಿಂಗಳಲ್ಲಿ ನಾನು ಕಿಟಕಿಗೆ ಅಪ್ಪನ ಹಳೇ ಬಿಳಿ ಪಂಚೆ ಕಟ್ಟುತ್ತಿದ್ದೆ. ಜೂನ್ ಬಂತೆಂದರೆ ಮುಂಗಾರಿನ ಮೋಡಗಳೇ ಆ ಕೆಲಸ ನೋಡಿಕೊಳ್ಳುತ್ತಿದ್ದವು.

ಹೊಲಿಗೆ ಮಿಷಿನ್ನಿನ ಮೇಲೆ ಕ್ಯಾಮೆರಾ ಇಟ್ಟು ಶಟರನ್ನು 1/15ಕ್ಕೆ ತಿರುಗಿಸಿದೆ.

"ಅಪ್ಪ, ಅಲ್ಲಾಡಬೇಡಿ."

"ಉಸಿರಾಡಬಹುದೇನಪ್ಪಾ?"

ಪ್ರಿಂಟು ಬಂದಾಗ ಅಮ್ಮ ನೊಂದುಕೊಂಡರು: "ಅರ್ಧ ಮುಖ ಕಪ್ಪಗಿದೆಯಲ್ಲೋ." ಎರಡು ಕೆನ್ನೆಯೂ ಸಮಾ ಬೆಳಗಿರಬೇಕು ಎಂಬುದು ಸ್ಟುಡಿಯೋ ಕೊಟ್ಟ ರೂಢಿ. ನನಗೋ ಆ ಕಪ್ಪಿನಿಂದಲೇ ಹಣೆಯ ಗೆರೆ, ಕನ್ನಡಕ ಒತ್ತಿದ ಮೂಗಿನ ಗುರುತು ಎದ್ದು ಕಂಡವು. ತಿದ್ದಿದ ಪಟಗಳಲ್ಲಿ ಮೊದಲು ಅಳಿಸಿಹೋಗುವುದು ಇವೇ. ಕುಂಚದ ಆ ನಯವನ್ನು ನಾನು ಇಂದಿಗೂ ಒಪ್ಪುವುದಿಲ್ಲ.

ಬಣ್ಣದ ಫಿಲ್ಮು ಬಂದಮೇಲೆ ಟ್ಯೂಬ್‌ಲೈಟ್ ಆರಿಸಿಯೇ ಅಮ್ಮನನ್ನು ಕೂರಿಸುತ್ತಿದ್ದೆ. ಹಗಲು ಬೆಳಕಿಗೆಂದು ಮಾಡಿದ ಫಿಲ್ಮಿನಲ್ಲಿ ಟ್ಯೂಬ್‌ಲೈಟ್ ಮುಖಕ್ಕೆ ಹಸಿರು ಬಳಿಯುತ್ತದೆ. ಎಂಬತ್ತರ ದಶಕದ ಆಲ್ಬಮ್ಮುಗಳಲ್ಲಿ ಎಷ್ಟೋ ಅಜ್ಜಿಯರು ಹಸಿರಾಗಿರುವುದು ಹೀಗೆ.

ಈಗ ಪಕ್ಕದ ಸೈಟಿನಲ್ಲಿ ನಾಲ್ಕಂತಸ್ತು ಎದ್ದು ಆ ಕಿಟಕಿ ಮಂಕಾಗಿದೆ. ಅಮ್ಮನಿಗೆ ಮಹಡಿ ಮೆಟ್ಟಿಲ ಬಾಗಿಲ ಹತ್ತಿರ ಕುರ್ಚಿ ಹಾಕುತ್ತೇನೆ. ಅಲ್ಲಿ ಬೆಳಿಗ್ಗೆ ಹನ್ನೊಂದರವರೆಗೆ ಬೆಳಕು ಚೆನ್ನಾಗಿರುತ್ತದೆ.