ಆಂಥೂರಿಯಂ: ಬಾಡುವ ಗಿಡ, ಕೊಲ್ಲುವ ರೋಗ

ಹಣ ಕೊಟ್ಟು ತಂದ ಆಂಥೂರಿಯಂ ಬಾಡಿದೊಡನೆ ಔಷಧಿ ಹುಡುಕಲು ಹೊರಡುವವರೇ ಹೆಚ್ಚು. ನಾರ್ವ, ಮಕ್ತಲ್, ಗದ್ವಾಲ ಭಾಗದಲ್ಲಿ ಮೊದಲು ಶಂಕಿಸಬೇಕಾದದ್ದು ರೋಗಾಣುವನ್ನಲ್ಲ, ಬಿಸಿಲು ಮತ್ತು ನೀರನ್ನು. ಕೊಲಂಬಿಯಾ, ಈಕ್ವೆಡಾರ್ ದೇಶಗಳ ತೇವಭರಿತ ಕಾಡು ಈ ಗಿಡದ ತವರು. ಕೊಡಗು, ಚಿಕ್ಕಮಗಳೂರಿನ ತಂಪಿನಲ್ಲೂ ಇದನ್ನು ನೆರಳು ಪರದೆಯ ಕೆಳಗೇ ಬೆಳೆಯುತ್ತಾರೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆ ಇದಕ್ಕೆ ಪರಕೀಯ.

ಕಿಟಕಿಯತ್ತ ಮುಖ ಮಾಡಿದ ಎಲೆಯಲ್ಲಿ ಮಾತ್ರ ಬಿಳಚಿದ ಅಥವಾ ಕಂದು ಕಲೆ ಇದ್ದು ಅದು ಹರಡದಿದ್ದರೆ ಬಿಸಿಲಿನ ಸುಟ್ಟಗಾಯವೆಂದು ತಿಳಿಯಬೇಕು. ಎಲೆಯ ತುದಿ ಮಾತ್ರ ಒಣಗುತ್ತಿದ್ದರೆ ಕೊಳವೆಬಾವಿಯ ಉಪ್ಪು ನೀರು ಅಥವಾ ಅತಿಯಾದ ಗೊಬ್ಬರ ಕಾರಣವಿರಬಹುದು. ಮಳೆನೀರು ಹಿಡಿದಿಟ್ಟುಕೊಂಡು ಹಾಕುವುದು ಲೇಸು.

ಬೇರು ಕೊಳೆ ನಾವೇ ತಂದುಕೊಳ್ಳುವ ರೋಗ. ಎರೆಮಣ್ಣು ತುಂಬಿದ ಕುಂಡಕ್ಕೆ ದಿನವೂ ನೀರು ಸುರಿದರೆ ಬೇರಿಗೆ ಗಾಳಿಯಾಡದು. ಪಿಥಿಯಂ, ಫೈಟಾಫ್ತೊರಾ ರೋಗಕಾರಕಗಳು ಸೇರಿಕೊಳ್ಳುತ್ತವೆ. ಬೇರು ಕಂದಾಗಿ ಮೆತ್ತಗಾಗುತ್ತದೆ, ಮಣ್ಣು ಒದ್ದೆಯಿದ್ದರೂ ಎಲೆ ಜೋಲುತ್ತದೆ. ಕೊಳೆತ ಬೇರನ್ನು ಕತ್ತರಿಸಿ, ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಇಟ್ಟಿಗೆ ಚೂರು ಬೆರೆಸಿದ ಮಿಶ್ರಣಕ್ಕೆ ಗಿಡವನ್ನು ಬದಲಿಸಬೇಕು. ಹೂವಿನ ನಡುವಿನ ಕದಿರಿನ ಮೇಲೆ ಕಪ್ಪು ಚುಕ್ಕೆ ಕಂಡರೆ ಅದು ಚಿಬ್ಬು ರೋಗವಿರಬಹುದು. ಆ ಹೂವನ್ನು ಕಿತ್ತು, ನೀರನ್ನು ಬುಡಕ್ಕೆ ಮಾತ್ರ ಹಾಕಿ.

ಕೀಟಗಳ ವಿಷಯದಲ್ಲಿ ಗಡಿನಾಡಿನವರಿಗೆ ಎರಡು ಭಾಷೆಯ ಹೆಸರೂ ಬೇಕು. ನಮ್ಮ ಹಿಟ್ಟು ತಿಗಣೆಯೇ ತೆಲುಗಿನ ಪಿಂಡಿನಲ್ಲಿ; ಕೆಂಪು ನುಸಿ ಅಲ್ಲಿ ಎರ್ರನಲ್ಲಿ; ಥ್ರಿಪ್ಸ್ ಎಂದರೆ ತಾಮರ ಪುರುಗು. ಹತ್ತಿ, ಮೆಣಸಿನಕಾಯಿ ಬೆಳೆಯುವ ಮನೆಯ ಮಕ್ಕಳಿಗೆ ಇವು ಹೊಸಬರಲ್ಲ. ಬೇಸಿಗೆಯ ಒಣ ಗಾಳಿಯಲ್ಲಿ ನುಸಿಯ ಕಾಟ ಹೆಚ್ಚು: ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿದರೆ ಧೂಳಿನಂತೆ ಬಿದ್ದ ಚುಕ್ಕೆಗಳು ನಡೆದಾಡುತ್ತವೆ. ಎಲೆಯ ತಳಭಾಗವನ್ನು ನೀರಿನಿಂದ ತೊಳೆದು, ಲೀಟರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನು ದ್ರಾವಣದೊಂದಿಗೆ ಬೆರೆಸಿ ಸಂಜೆ ಸಿಂಪಡಿಸಬೇಕು. ಹಿಟ್ಟು ತಿಗಣೆಯನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು. ಹೊಲಕ್ಕೆ ತಂದ ಕೀಟನಾಶಕವನ್ನು ಪಡಸಾಲೆಯಲ್ಲಿ ಸಿಂಪಡಿಸುವ ಅಭ್ಯಾಸ ಸರ್ವಥಾ ಸಲ್ಲದು.

ನಿಜವಾಗಿ ಅಂಜಬೇಕಾದದ್ದು ದುಂಡಾಣು ಅಂಗಮಾರಿ ರೋಗಕ್ಕೆ. ಕ್ಸಾಂಥೊಮೊನಸ್ ಎಂಬ ದುಂಡಾಣು ಇದರ ಮೂಲ. ರಾಯಚೂರು, ಕೊಪ್ಪಳ ಸೀಮೆಯ ದಾಳಿಂಬೆ ತೋಟಗಳನ್ನು ಹಾಳುಗೆಡವಿದ್ದು ಇದರ ದಾಯಾದಿಯೇ. 1980ರ ದಶಕದಲ್ಲಿ ಹವಾಯಿ ದ್ವೀಪಗಳಲ್ಲಿ ಈ ರೋಗದಿಂದ ಸುಮಾರು 200 ಸಣ್ಣ ಆಂಥೂರಿಯಂ ತೋಟಗಳು ನಾಶವಾದವು. ಎಲೆಯ ಅಂಚಿನಲ್ಲಿ ನೀರು ಜಿನುಗುವ ಸೂಕ್ಷ್ಮ ರಂಧ್ರಗಳ ಮೂಲಕ ದುಂಡಾಣು ಒಳಹೊಗುತ್ತದೆ. ಆದ್ದರಿಂದ ಮೊದಲ ಗುರುತು ಅಂಚಿನಲ್ಲೇ ಕಾಣುತ್ತದೆ: ನೀರಿನಲ್ಲಿ ನೆಂದಂಥ ಕಲೆ, ಬಳಿಕ ಅದು ಕಂದಾಗಿ ಸುತ್ತ ಹಳದಿ ಅಂಚು. ಬಿಸಿಲಿನ ಕಲೆಗೂ ಇದಕ್ಕೂ ಇರುವ ಭೇದವೆಂದರೆ ಇದು ಹರಡುತ್ತದೆ. ಕಾಂಡಕ್ಕಿಳಿದ ಮೇಲೆ ಹಳೆಯ ಎಲೆಗಳು ಹಳದಿಯಾಗಿ, ತೊಟ್ಟು ಮುಟ್ಟಿದರೆ ಕಳಚುತ್ತದೆ.

ಆ ಹಂತದಲ್ಲಿ ಗುಣಪಡಿಸುವ ಔಷಧಿಯಿಲ್ಲ. ಮನೆಯಲ್ಲಿರುವ ಕಾಪರ್ ಆಕ್ಸಿಕ್ಲೋರೈಡ್ ಹೊಡೆಯುವ ಯೋಚನೆ ಬೇಡ. ತಾಮ್ರ ಆಂಥೂರಿಯಂಗೇ ಹಾನಿಕರ. ಗಿಡವನ್ನು ಮಿಶ್ರಣಸಮೇತ ಚೀಲದಲ್ಲಿ ಕಟ್ಟಿ ತೆಗೆದುಹಾಕಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ, ಕೈ ತೊಳೆಯಿರಿ. ಅದೇ ಕುಟುಂಬದ ಮನಿ ಪ್ಲಾಂಟ್, ಸಿಂಗೋನಿಯಂ, ಡಿಫೆನ್‌ಬೇಕಿಯಾ ಪಕ್ಕದಲ್ಲಿದ್ದರೆ ಅವನ್ನೂ ಪರೀಕ್ಷಿಸಿ. ಇನ್ನು ಮುಂದೆ ತರುವ ಗಿಡವನ್ನು ಮೂರು ನಾಲ್ಕು ವಾರ ಬೇರೆಯಾಗಿಟ್ಟು ನೋಡಿದ ಮೇಲೆಯೇ ಉಳಿದವುಗಳ ಜೊತೆ ಸೇರಿಸಬೇಕು.

ರೋಗದ ಎಲೆ ಕೀಳುವ ಕೆಲಸವನ್ನು ಚಿಕ್ಕ ಮಕ್ಕಳಿಗೆ ಒಪ್ಪಿಸಬಾರದು. ಕೆಸುವಿನಂತೆ ಇದರ ರಸವೂ ಬಾಯಿ, ಕಣ್ಣಿಗೆ ತಾಗಿದರೆ ಉರಿ, ತುರಿಕೆ ಉಂಟುಮಾಡುತ್ತದೆ.