ಗುಬ್ಬಿಯ ವೀರಣ್ಣ: ಒಂದು ಸಂಸಾರ, ಹಲವು ಕಸುಬು

ಗುಬ್ಬಿ ತಾಲ್ಲೂಕಿನ ಚೇಳೂರು ಎಂದರೆ ಇವತ್ತಿನವರಿಗೆ ಮೊದಲು ನೆನಪಾಗುವುದು ಹಲಸು. ಕಾಲ ಬಂತೆಂದರೆ ಮಾರುಕಟ್ಟೆಯ ಆವರಣದ ತುಂಬ ಹಣ್ಣಿನ ರಾಶಿ, ಪಕ್ಕದಲ್ಲೇ ಲಾರಿಗಳ ಸಾಲು. ಕೆಂಪು ತೊಳೆಯ ‘ಸಿದ್ದು’ ಹಲಸು ಹುಟ್ಟಿದ್ದೂ ಇಲ್ಲಿನ ಒಂದು ತೋಟದ ಮರದಲ್ಲೇ. ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಗುರುತಿಸಿ, ಕಸಿ ಕಟ್ಟಿ, ನಾಡಿಗೆಲ್ಲ ಹಂಚಿದರು.

ಈ ಸೀಮೆಗೆ ಇನ್ನೊಂದು ಬೆಳೆಯೂ ಉಂಟು. ಸುಗ್ಗಿ ಕಳೆದು ಕೈ ಸ್ವಲ್ಪ ಬಿಡುವಾದರೆ ಸಾಕು, ಚೇಳೂರು, ಹಾಗಲವಾಡಿ, ನಿಟ್ಟೂರು, ಕಡಬದ ಸುತ್ತಿನ ಹಳ್ಳಿಗಳಲ್ಲಿ ಹಾರ್ಮೋನಿಯಂ ದನಿ ಏಳುತ್ತದೆ. ಊರ ದೇವರ ಜಾತ್ರೆಗೋ ಹಬ್ಬಕ್ಕೋ ‘ಕುರುಕ್ಷೇತ್ರ’ ಆಡಬೇಕು. ಪಾತ್ರಕ್ಕೆ ಹಣ ಸಿಗುವುದಿಲ್ಲ, ಹಣ ಕೊಟ್ಟು ಪಾತ್ರ ಹಿಡಿಯಬೇಕು. ದುರ್ಯೋಧನನಿಗೆ ಒಂದು ದರ, ಕೃಷ್ಣನಿಗೆ ಒಂದು ದರ, ಸೈಂಧವನಿಗೆ ಅದಕ್ಕಿಂತ ಕಡಿಮೆ. ಆ ದುಡ್ಡಿನಲ್ಲೇ ಡ್ರಾಮಾ ಸೀನರಿಯ ಬಾಡಿಗೆ, ಮೇಷ್ಟ್ರ ಸಂಭಾವನೆ, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕರೆಸುವ ಕಲಾವಿದೆಯರ ಖರ್ಚು, ಮೈಕು ಲೈಟು ಎಲ್ಲ ನಡೆಯಬೇಕು. ಹಗಲು ತೆಂಗಿನ ತೋಟದಲ್ಲಿ ದುಡಿದವನು, ಬಸ್ಸು ಓಡಿಸಿದವನು, ಶಾಲೆಯಲ್ಲಿ ಪಾಠ ಹೇಳಿದವನು ರಾತ್ರಿ ಕಿರೀಟ ಕಟ್ಟಿಕೊಂಡು ಗದೆ ಹಿಡಿಯುತ್ತಾನೆ. ಹೆಂಡತಿ ಮಕ್ಕಳು ಮುಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತಿರುತ್ತಾರೆ. ಬೆಳಗಿನ ಜಾವ ಗದಾಯುದ್ಧ ಮುಗಿಯುವವರೆಗೆ ಯಾರೂ ಏಳುವುದಿಲ್ಲ.

ಸಂಸಾರಸ್ಥ ಗಂಡಸರಿಗೆ ಈ ಗೀಳು ಹತ್ತಿಸಿದವರು ಯಾರು ಎಂದು ಹುಡುಕುತ್ತ ಹೋದರೆ ದಾರಿ ಗುಬ್ಬಿ ಪೇಟೆಗೆ ಬಂದು ನಿಲ್ಲುತ್ತದೆ. ಅಲ್ಲಿ ಸಿಗುವ ಮನುಷ್ಯನ ಕಸುಬುಗಳನ್ನು ಲೆಕ್ಕ ಹಾಕುವುದೇ ಕಷ್ಟ: ಬಾಲನಟ, ಹಾಸ್ಯನಟ, ಕಂಪನಿ ಮಾಲೀಕ, ಮೂಕಿಚಿತ್ರದ ನಿರ್ಮಾಪಕ, ಟಾಕಿಯ ನಾಯಕ, ಥಿಯೇಟರಿನ ಒಡೆಯ, ನೂರಾರು ಕಲಾವಿದರಿಗೆ ಅನ್ನದಾತ. ಹೆಸರು ಗುಬ್ಬಿ ವೀರಣ್ಣ.

ಗುಬ್ಬಿ ಹಿಂದಿನಿಂದಲೂ ವ್ಯಾಪಾರದ ಊರು. ಮಲೆನಾಡಿನ ಅಡಕೆ, ಬಯಲುಸೀಮೆಯ ಕೊಬ್ಬರಿ ಇಲ್ಲಿನ ಸಂತೆಯಲ್ಲಿ ಕೈ ಬದಲಾಗುತ್ತಿದ್ದವು. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಅದೇ ವರ್ಷ ಗುಬ್ಬಿಯಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬರು ಮತ್ತು ಅವರ ಗೆಳೆಯರು ಸೇರಿ ನಾಟಕ ಸಂಘ ಕಟ್ಟಿದರು. ಸಂಘಕ್ಕೆ ಊರ ದೇವರಾದ ಗೋಸಲ ಚನ್ನಬಸವೇಶ್ವರನ ಹೆಸರು: ಗುಬ್ಬಿ ಶ್ರೀ ಚನ್ನಬಸವೇಶ್ವರ ಸ್ವಾಮಿ ಕೃಪಾಪೋಷಿತ ನಾಟಕ ಸಂಘ. ಇಷ್ಟುದ್ದದ ಹೆಸರು ಜನರ ಬಾಯಲ್ಲಿ ಬರೀ ‘ಗುಬ್ಬಿ ಕಂಪನಿ’ ಆಯಿತು. ಲಿಂಗಾಯತರ ಸಂತನ ಹೆಸರಿನ ಸಂಘವನ್ನು ಕಟ್ಟಲು ಒಬ್ಬ ಮುಸಲ್ಮಾನರು ಹೆಗಲು ಕೊಟ್ಟದ್ದು ಆ ಕಾಲಕ್ಕೆ ಯಾರಿಗೂ ವಿಶೇಷವೆನಿಸಲಿಲ್ಲ. ಇವತ್ತು ಅದನ್ನು ಎತ್ತಿ ಹೇಳಬೇಕಾಗಿದೆ.

ವೀರಣ್ಣ ಹುಟ್ಟಿದ್ದು 1891ರಲ್ಲಿ. ಆರೇಳು ವರ್ಷದ ಹುಡುಗನಾಗಿದ್ದಾಗಲೇ ಕಂಪನಿ ಸೇರಿದರು. ಆಗ ಕಂಪನಿ ಸೇರುವುದೆಂದರೆ ನಟನೆ ಕಲಿಯುವುದಷ್ಟೇ ಆಗಿರಲಿಲ್ಲ. ಪರದೆ ಎಳೆಯುವುದು, ದೀಪ ಹಚ್ಚುವುದು, ಹಿರಿಯ ನಟರಿಗೆ ನೀರು ತರುವುದು, ಬಣ್ಣ ಅರೆಯುವುದು ಎಲ್ಲ ಹುಡುಗರ ಪಾಲು. ಹುಡುಗ ಕಂಠ ಒಡೆಯುವವರೆಗೆ ಬಾಲಪಾತ್ರ, ಸ್ತ್ರೀಪಾತ್ರ. ಗಂಡುದನಿ ಬಂದ ಮೇಲೆ ಹಣೆಬರಹವಿದ್ದರೆ ರಾಜಪಾತ್ರ, ಇಲ್ಲದಿದ್ದರೆ ಕಾವಲುಗಾರ. ವೀರಣ್ಣ ಎರಡನ್ನೂ ಬಿಟ್ಟು ಮೂರನೆಯ ದಾರಿ ಹಿಡಿದರು. ನಗಿಸುವ ಪಾತ್ರವನ್ನೇ ನಾಟಕದ ನಡುಮನೆಗೆ ತಂದು ಕೂರಿಸಿದರು.

ಅದಕ್ಕೆ ಸಾಕ್ಷಿ ‘ಸದಾರಮೆ’ಯ ಕಳ್ಳ. ಈ ನಾಟಕದ ಕರ್ತೃ ಬೆಳ್ಳಾವೆ ನರಹರಿ ಶಾಸ್ತ್ರಿಗಳೂ ತುಮಕೂರು ಸೀಮೆಯವರೇ. ಗುಬ್ಬಿ ಕಂಪನಿಗೆ ಹೆಸರು ತಂದ ‘ಕೃಷ್ಣಲೀಲಾ’ ಕೂಡ ಅವರದೇ. 1934ರ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನಾ’ಕ್ಕೆ ಮಾತು, ಹಾಡು ಬರೆದವರೂ ಅವರೇ. ಸದಾರಮೆಯ ಕಥೆ ನೋಡಿದರೆ ಕಳ್ಳ ಬಂದು ಹೋಗುವವನು. ವೀರಣ್ಣ ಆಡಲು ತೊಡಗಿದ ಮೇಲೆ ಜನ ಕಳ್ಳನನ್ನು ನೋಡಲೆಂದೇ ಟಿಕೆಟ್ ಕೊಂಡರು. ಮೈಸೂರಿನ ಅರಮನೆ ಅವರನ್ನು ಮೆಚ್ಚಿತು. ‘ನಾಟಕರತ್ನ’ ಎಂಬ ಬಿರುದು ಹೆಸರಿನ ಹಿಂದೆಯೇ ಅಂಟಿಕೊಂಡಿತು. ತೆಲುಗು ನಾಡಿನಲ್ಲೂ ಆಡಿ ಗೆದ್ದ ಮೇಲೆ ‘ಕರ್ನಾಟಕಾಂಧ್ರ ನಾಟಕ ಸಾರ್ವಭೌಮ’ ಎನಿಸಿಕೊಂಡರು.

1917ರಲ್ಲಿ ಕಂಪನಿ ವೀರಣ್ಣನವರ ಕೈಗೆ ಬಂತು. ವಯಸ್ಸು ಇಪ್ಪತ್ತಾರು. ಇಲ್ಲಿಂದ ಮುಂದಿನ ಅವರ ಬದುಕನ್ನು ಕಲಾವಿದನ ಕಥೆಯಾಗಿ ಮಾತ್ರ ಓದಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಅದು ದೊಡ್ಡ ಸಂಸಾರ ಸಾಕಿದವನ ಕಥೆಯೂ ಹೌದು.

ಕಂಪನಿಯ ದಿನಚರಿ ಹೀಗಿತ್ತು: ಒಂದು ಊರಿನಲ್ಲಿ ಕ್ಯಾಂಪು. ಬಯಲಿನಲ್ಲಿ ಕಂಬ ನೆಟ್ಟು, ತಗಡು ಹೊದಿಸಿ ಥಿಯೇಟರು. ಕುರ್ಚಿ, ಬೆಂಚು, ಚಾಪೆ, ನೆಲ ಎಂದು ದರ್ಜೆಗಳು. ಸಂಜೆ ಊರಿನ ಬೀದಿಗಳಲ್ಲಿ ಹ್ಯಾಂಡ್‌ಬಿಲ್ಲು ಹಂಚುವ ಗಾಡಿ. ಥಿಯೇಟರಿನ ಹಿಂದೆ ಬಿಡಾರ, ಅಲ್ಲೇ ಕಂಪನಿಯ ಅಡುಗೆಮನೆ. ನಟರು, ಹಾರ್ಮೋನಿಯಂ ತಬಲಾದವರು, ಪರದೆ ಬರೆಯುವ ಪೇಂಟರ್, ದರ್ಜಿ, ಬಡಗಿ, ಅಡುಗೆಯವರು, ಅವರ ಹೆಂಡಿರು ಮಕ್ಕಳು ಎಲ್ಲರೂ ಒಂದೇ ಪಂಕ್ತಿ. ಕಲೆಕ್ಷನ್ ಬಿದ್ದ ದಿನವೂ ಒಲೆ ಉರಿಯಬೇಕು. ಮಳೆ ಹಿಡಿದು ನಾಟಕ ನಿಂತರೂ ಒಲೆ ಉರಿಯಬೇಕು. ಬೇರೆ ಊರಿಗೆ ಹೊರಟರೆ ಸೀನರಿ, ಪೆಟ್ಟಿಗೆ, ಪಾತ್ರೆಪಗಡಗಳ ಜೊತೆ ಇಡೀ ಒಂದು ಊರೇ ರೈಲು ಹತ್ತಿದಂತೆ. ಮಾಲೀಕ ರಾತ್ರಿ ಕಳ್ಳನ ವೇಷ ಹಾಕಿ ಜನರನ್ನು ನಗಿಸಬೇಕು, ಬೆಳಗಾದರೆ ಸಾಲ ಕೊಟ್ಟ ಸಾಹುಕಾರನಿಗೆ ಉತ್ತರ ಹೇಳಬೇಕು.

ವೀರಣ್ಣ ಮೇಲಿಂದ ಮೇಲೆ ಹೊಸ ಕಸುಬಿಗೆ ಕೈ ಹಾಕಿದ್ದು ಚಪಲದಿಂದ ಅಲ್ಲ, ಈ ಒಲೆಗಾಗಿ.

1930ರ ಹೊತ್ತಿಗೆ ಸಿನಿಮಾ ಎಲ್ಲ ಊರಿಗೂ ಕಾಲಿಡುತ್ತಿತ್ತು. ನಾಟಕದವರು ಅದನ್ನು ಬೈಯುತ್ತ ಕೂತಾಗ ವೀರಣ್ಣ ಬೆಂಗಳೂರಿನಲ್ಲಿ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಕಟ್ಟಿ ತಾವೇ ಮೂಕಿಚಿತ್ರ ತೆಗೆಯಲು ಹೊರಟರು. 1931ರ ‘ಹಿಸ್ ಲವ್ ಅಫೇರ್’ ಚಿತ್ರಕ್ಕೆ ಬೆಲ್ಜಿಯಂ ದೇಶದ ರಾಫೆಲ್ ಆಲ್ಗೊ ಜೊತೆಯಾದರು. ಮುಂದೆ ವೈ.ವಿ. ರಾವ್ ಅವರ ನಿರ್ದೇಶನದಲ್ಲಿ ‘ಹರಿಮಾಯಾ’ ಬಂತು. ಆದರೆ ಕಾಲ ಕೈ ಕೊಟ್ಟಿತು. 1931ರ ಮಾರ್ಚಿನಲ್ಲೇ ಬೊಂಬಾಯಿಯಲ್ಲಿ ‘ಆಲಂ ಆರಾ’ ಮಾತಾಡಿಬಿಟ್ಟಿತ್ತು. ಪರದೆಯ ಮೇಲೆ ಮಾತು ಕೇಳಿದ ಜನಕ್ಕೆ ಮೂಕಿ ಬೇಡವಾಯಿತು.

ಇನ್ನೊಬ್ಬರಾಗಿದ್ದರೆ ನಾಟಕವನ್ನೋ ಸಿನಿಮಾವನ್ನೋ ಎರಡರಲ್ಲಿ ಒಂದನ್ನು ಬಿಡುತ್ತಿದ್ದರು. ವೀರಣ್ಣ ಎರಡನ್ನೂ ಬಿಡಲಿಲ್ಲ. 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ನಿಜವಾದ ಆನೆ, ಕುದುರೆಗಳನ್ನು ತಂದು ರಂಗದ ಮೇಲೆ ನಿಲ್ಲಿಸಿ ಆಡಿಸಿದರು. ಬೆಳಕಿನ ನೆರಳಷ್ಟೇ ತೋರಿಸುವ ಸಿನಿಮಾಕ್ಕೆ ನಾಟಕ ಕೊಟ್ಟ ಜವಾಬು ಅದು. ಇವತ್ತು ಹಳ್ಳಿಗಳಲ್ಲಿ ಆಡುವ ಪಠ್ಯ ಬೇರೆ ಇರಬಹುದು. ಆದರೆ ಕುರುಕ್ಷೇತ್ರ ಎಂದರೆ ಆಡಂಬರದಿಂದಲೇ ಆಡಬೇಕು, ಪದ್ಯ ರಾಗವಾಗಿ ಕೇಳಬೇಕು, ರಥ ಬರಬೇಕು ಎಂಬ ಹಟ ಆ ಕಂಪನಿ ಕಾಲದ ಬಳುವಳಿ.

ಮರುವರ್ಷವೇ, 1935ರಲ್ಲಿ, ‘ಸದಾರಮೆ’ ಟಾಕಿಯಾಯಿತು. ರಂಗದ ಕಳ್ಳ ಪರದೆಗೂ ಬಂದ. ಆಮೇಲೆ 1941ರಲ್ಲಿ ‘ಸುಭದ್ರಾ’, 1942ರಲ್ಲಿ ‘ಜೀವನ ನಾಟಕ’, ಆ ನಂತರ ‘ಹೇಮರೆಡ್ಡಿ ಮಲ್ಲಮ್ಮ’ ಬಂದವು. ಬೆಂಗಳೂರಿನ ಮೆಜೆಸ್ಟಿಕ್ ಬಳಿ ‘ಗುಬ್ಬಿ ಥಿಯೇಟರ್’ ಎದ್ದು ನಿಂತಿತು. ಕಂಪನಿಯ ಹುಡುಗರು ಮದರಾಸಿನ ಸ್ಟುಡಿಯೋಗಳಲ್ಲಿ ಕೆಲಸ ಕಲಿತರು. 1954ರ ‘ಬೇಡರ ಕಣ್ಣಪ್ಪ’ ಈ ಎಲ್ಲ ಕಸುಬುಗಳ ಫಲ ಒಂದೇ ಗೊನೆಯಲ್ಲಿ ಬಿಟ್ಟ ಚಿತ್ರ. ಎ.ವಿ.ಎಂ. ಜೊತೆ ಸೇರಿ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಅದನ್ನು ತೆಗೆಯಿತು. ಎಚ್.ಎಲ್.ಎನ್. ಸಿಂಹ ನಿರ್ದೇಶಕರು. ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ಗುಬ್ಬಿ ಕಂಪನಿಯಲ್ಲಿ ಬೆಳೆದ ಮುತ್ತುರಾಜ ಎಂಬ ಯುವಕ ಅದರಲ್ಲಿ ರಾಜ್‌ಕುಮಾರ್ ಆದರು. ಜಿ.ವಿ. ಅಯ್ಯರ್, ನರಸಿಂಹರಾಜು ಅದೇ ಚಿತ್ರದಲ್ಲಿದ್ದರು. ಕನ್ನಡ ಚಿತ್ರರಂಗದ ಮೊದಲ ತಲೆಮಾರಿನ ಬಹುಪಾಲು ಗುಬ್ಬಿ ಕಂಪನಿಯ ಪಂಕ್ತಿಯಲ್ಲಿ ಊಟ ಮಾಡಿದವರು ಎಂದರೆ ಅದು ಹೊಗಳಿಕೆಯಲ್ಲ, ನಡೆದ ಸಂಗತಿ.

ಇನ್ನು ಮನೆ. ವೀರಣ್ಣನವರ ಮದುವೆ ಒಂದಲ್ಲ. ಪತ್ನಿಯರಲ್ಲಿ ಸುಂದರಮ್ಮ, ಬಿ. ಜಯಮ್ಮ ಇಬ್ಬರೂ ರಂಗದವರು. ಹಿಂದೂ ವಿವಾಹ ಕಾಯ್ದೆ ಬಂದು ಬಹುಪತ್ನಿತ್ವ ನಿಂತದ್ದು 1955ರಲ್ಲಿ. ಅದಕ್ಕೂ ಮುಂಚಿನ ಗಂಡಸರಿಗೆ ಇದ್ದ ಈ ಅನುಕೂಲವನ್ನು ಇವತ್ತು ಯಾರೂ ಸಮರ್ಥಿಸಲಾರರು, ಸಮರ್ಥಿಸಬೇಕಾಗಿಯೂ ಇಲ್ಲ. ಆದರೆ ಈ ಹೆಂಗಸರನ್ನು ‘ವೀರಣ್ಣನವರ ಹೆಂಡತಿಯರು’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವುದು ಅದಕ್ಕಿಂತ ದೊಡ್ಡ ಅನ್ಯಾಯ. ಹೆಣ್ಣಿನ ಪಾತ್ರವನ್ನು ಗಂಡಸರೇ ಆಡುತ್ತಿದ್ದ ಕಾಲ ಅದು. ರಂಗ ಹತ್ತಿದ ಹೆಂಗಸಿಗೆ ಊರಿನಲ್ಲಿ ಬಾಡಿಗೆ ಮನೆಯೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಅವರು ಸಾವಿರ ಜನರ ಮುಂದೆ ನಿಂತು ಹಾಡಿದರು. ಗಂಡನಿಗಿಂತ ಇಪ್ಪತ್ನಾಲ್ಕು ವರ್ಷ ಕಿರಿಯರಾದ ಜಯಮ್ಮ ಮೂಕಿಚಿತ್ರದಿಂದ ಟಾಕಿಯವರೆಗೆ ನಡೆದು ಬಂದರು. ‘ಹೇಮರೆಡ್ಡಿ ಮಲ್ಲಮ್ಮ’ನನ್ನು ಹಳೆಯ ತಲೆಮಾರಿನವರು ಇಂದಿಗೂ ನೆನೆಯುವುದು ಜಯಮ್ಮನವರ ಮುಖದಲ್ಲೇ.

ಮಕ್ಕಳೂ ಅದೇ ಬಿಡಾರದಲ್ಲಿ ಬೆಳೆದರು. ಮಗ ಜಿ.ವಿ. ಶಿವಾನಂದ ನಟರಾದರು. ಮಗಳು ಜಿ.ವಿ. ಮಾಲತಮ್ಮ ರಂಗನಟಿ. ಮಾಲತಮ್ಮನವರ ಮಗಳು ಬಿ. ಜಯಶ್ರೀ ‘ಸ್ಪಂದನ’ ತಂಡ ಕಟ್ಟಿದರು, ರಾಜ್ಯಸಭೆಗೆ ಹೋದರು, 2013ರಲ್ಲಿ ಪದ್ಮಶ್ರೀ ಪಡೆದರು. ತಾತ ಆಡಿದ ಸದಾರಮೆಯ ಕಳ್ಳನನ್ನು ಮೊಮ್ಮಗಳೂ ಆಡಿ ಚಪ್ಪಾಳೆ ಗಿಟ್ಟಿಸಿದರು. ಗಂಡು ಹೆಣ್ಣಾಗಿ ಆಡುತ್ತಿದ್ದ ಕಂಪನಿಯ ಮನೆಯಲ್ಲಿ ಹೆಣ್ಣು ಗಂಡುಪಾತ್ರ ಹಿಡಿದು ಗೆದ್ದದ್ದು ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಸಣ್ಣ ಮಾತಲ್ಲ.

ಹೊಟ್ಟೆಯಲ್ಲಿ ಹುಟ್ಟದ ಮಕ್ಕಳ ಪಟ್ಟಿ ಇನ್ನೂ ಉದ್ದ. ದಕ್ಷಿಣ ಕನ್ನಡದ ಬಾಬುಕೋಡಿಯಿಂದ ಮನೆ ಬಿಟ್ಟು ಓಡಿಬಂದ ಒಬ್ಬ ಹುಡುಗ ಕಂಪನಿ ಸೇರಿದ. ಹುಡುಗನಿಗೆ ಓದಿನ ಆಸೆ ಇದ್ದದ್ದನ್ನು ಕಂಡ ವೀರಣ್ಣ ಅವನನ್ನು ಕಾಶಿಗೆ ಓದಲು ಕಳಿಸಿದರು. ಅವರೇ ಬಿ.ವಿ. ಕಾರಂತರು, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದವರು. ಚೆನ್ನಾಗಿ ಹಾಡುವ ಹುಡುಗನನ್ನು ಕಂಪನಿಯಲ್ಲೇ ಇಟ್ಟುಕೊಂಡರೆ ಕಲೆಕ್ಷನ್ ಹೆಚ್ಚುತ್ತಿತ್ತು. ಕಳಿಸಿದ್ದರಿಂದ ಮಾಲೀಕನಿಗೆ ನಷ್ಟವೇ. ವೀರಣ್ಣ ಎಂಥ ಯಜಮಾನ ಎಂಬುದಕ್ಕೆ ಬಿರುದುಗಳಿಗಿಂತ ಈ ಒಂದು ಕೆಲಸ ಹೆಚ್ಚು ಹೇಳುತ್ತದೆ.

ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ 1955ರಲ್ಲಿ ಬಂತು. 1972ರಲ್ಲಿ ಪದ್ಮಶ್ರೀ. ಅದೇ ವರ್ಷದ ಅಕ್ಟೋಬರಿನಲ್ಲಿ ವೀರಣ್ಣ ತೀರಿಕೊಂಡರು. ತಮ್ಮ ಬದುಕನ್ನು ‘ಕಲೆಯೇ ಕಾಯಕ’ ಎಂಬ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಕರ್ನಾಟಕ ಸರ್ಕಾರ ಅವರ ಹೆಸರಿನಲ್ಲಿ ರಂಗ ಪ್ರಶಸ್ತಿ ಕೊಡುತ್ತಿದೆ. ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರವಿದೆ. ಅಲ್ಲಿ ಪೌರಾಣಿಕ ನಾಟಕವಿದ್ದರೆ ಸುತ್ತಲ ತಾಲ್ಲೂಕುಗಳಿಂದ ಜನ ಗಾಡಿ ಕಟ್ಟಿಸಿಕೊಂಡು ಬರುತ್ತಾರೆ. ರಂಗದ ಮೇಲಿರುವವರೂ ಅವರ ಊರಿನವರೇ: ರೈತರು, ನೌಕರರು, ಅಂಗಡಿ ಇಟ್ಟವರು.

ಇಷ್ಟಿದ್ದೂ ಒಂದು ಕೊರತೆ ಕಾಡುತ್ತದೆ. ಕಂಪನಿಯಲ್ಲಿ ದೊಡ್ಡ ಹೆಸರು ಮಾಡಿದವರ ನೆನಪು ಪುಸ್ತಕ ಸೇರಿದೆ. ಪರದೆ ಬರೆದವರು, ದರ್ಜಿ, ಅಡುಗೆಯವರು, ಎರಡು ವರ್ಷ ಕಾವಲುಗಾರನ ಪಾತ್ರ ಮಾಡಿ ಊರಿಗೆ ಮರಳಿ ತೆಂಗು ನೆಟ್ಟವರು ಎಲ್ಲೂ ದಾಖಲಾಗಿಲ್ಲ. ಅವರ ಗುರುತು ಉಳಿದಿದ್ದರೆ ಈ ಸೀಮೆಯ ಮನೆಗಳಲ್ಲೇ ಉಳಿದಿರಬೇಕು. ಚೇಳೂರಿನಲ್ಲೋ ಹಾಗಲವಾಡಿಯಲ್ಲೋ ನಿಟ್ಟೂರಿನಲ್ಲೋ ಅಟ್ಟದ ಮೇಲೆ ಹಳೆಯ ಪೆಟ್ಟಿಗೆಯಿದ್ದರೆ ಒಮ್ಮೆ ತೆಗೆದು ನೋಡಿ. ಗುಬ್ಬಿ ಕಂಪನಿಯ ಹ್ಯಾಂಡ್‌ಬಿಲ್ಲು, ಕೈಬರಹದ ನಾಟಕದ ಪುಸ್ತಕ, ವೇಷದಲ್ಲಿ ನಿಂತ ತಾತನ ಫೋಟೊ ಸಿಕ್ಕರೆ ರದ್ದಿಗೆ ಹಾಕಬೇಡಿ. ಹಿಂದೆ ಹೆಸರು, ಊರು, ಪಾತ್ರ ಬರೆದಿಡಿ. ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜ ಅಜ್ಜಿ ಇದ್ದರೆ, ಅವರು ಕಂಡ ನಾಟಕದ ಮಾತನ್ನು ನಿಮ್ಮ ಮೊಬೈಲಿನಲ್ಲಿ ಈ ವಾರವೇ ರೆಕಾರ್ಡ್ ಮಾಡಿಕೊಳ್ಳಿ.