ಕೆರೆಗೆ ‘ಟ್ಯಾಂಕ್’ ಎಂದವರಾರು?

ಕೋಲಾರ ಜಿಲ್ಲೆಯ ಬಗ್ಗೆ ಬ್ರಿಟಿಷರ ಕಾಲದ ಯಾವ ಇಂಗ್ಲಿಷ್ ದಾಖಲೆಯನ್ನು ತೆರೆದರೂ ಪುಟಪುಟಕ್ಕೂ ಎದುರಾಗುವ ಪದ ‘ಟ್ಯಾಂಕ್’. ಮಾಲೂರಿನ ಟ್ಯಾಂಕುಗಳು, ಮುಳಬಾಗಿಲಿನ ಟ್ಯಾಂಕುಗಳು, ಶ್ರೀನಿವಾಸಪುರದ ಟ್ಯಾಂಕುಗಳು. ಟ್ಯಾಂಕು ಒಡೆಯಿತು, ಟ್ಯಾಂಕು ತುಂಬಿತು, ಟ್ಯಾಂಕಿನ ಕೆಳಗೆ ಭತ್ತ ಬೆಳೆಯಿತು. ಲಂಡನ್ನಿನಲ್ಲಿ ಕುಳಿತು ಇದನ್ನು ಓದುವವನಿಗೆ ಕಕ್ಕಾಬಿಕ್ಕಿಯಾದೀತು. ಅವನ ಮನೆಯಲ್ಲಿ ಟ್ಯಾಂಕೆಂದರೆ ಕಬ್ಬಿಣದ ತೊಟ್ಟಿ. ಅದರ ಕೆಳಗೆ ಭತ್ತ ಬೆಳೆಯುವುದೆಂತು?

ಈ ಪದದ ಹುಟ್ಟಿನ ಬಗ್ಗೆ ನಿಘಂಟುಕಾರರಲ್ಲಿ ಪೂರ್ಣ ಒಮ್ಮತವಿಲ್ಲ. ಗುಜರಾತಿ, ಮರಾಠಿಗಳಲ್ಲಿ ನೆಲದೊಳಗೆ ಕಟ್ಟಿದ ನೀರಿನ ತೊಟ್ಟಿಗೆ ‘ಟಾಂಕೆ’, ‘ಟಾಂಕಿ’ ಎಂಬ ಹೆಸರುಂಟು. ಪೋರ್ಚುಗೀಸರಲ್ಲಿ ಕೊಳಕ್ಕೆ ‘ಟಾಂಕೆ’ ಎಂಬ ಪದವಿತ್ತು. ಅದರ ಮೂಲ ಹರಿಯುವುದನ್ನು ತಡೆದು ನಿಲ್ಲಿಸುವುದು ಎಂಬರ್ಥದ ಲ್ಯಾಟಿನ್ ಧಾತು. ಪಶ್ಚಿಮ ಕರಾವಳಿಯಲ್ಲಿ ಈ ಎರಡೂ ಕೂಡಿಕೊಂಡವು. ಹದಿನೇಳನೇ ಶತಮಾನದ ಆರಂಭದಲ್ಲಿ ಸೂರತ್ತಿಗೆ ಬಂದಿಳಿದ ಇಂಗ್ಲಿಷ್ ವರ್ತಕರು ಆ ಪದವನ್ನು ಎತ್ತಿಕೊಂಡರು. ಹೀಗಾಗಿ ಇಂಗ್ಲಿಷಿನಲ್ಲಿ ಮೊದಲು ಬಂದ ಅರ್ಥ ಭಾರತದ ಕೊಳ, ಕೆರೆಯದೇ; ಕಬ್ಬಿಣದ ತೊಟ್ಟಿ ಬಂದದ್ದು ಅನಂತರ.

ಆದರೆ ಪದ ಒಂದಾದುದರಿಂದ ವಸ್ತುಗಳೆಲ್ಲ ಒಂದಾಗಲಿಲ್ಲ. ದೇವಸ್ಥಾನದ ಕಲ್ಯಾಣಿಯೂ ಟ್ಯಾಂಕು, ದನ ನೀರು ಕುಡಿಯುವ ಕುಂಟೆಯೂ ಟ್ಯಾಂಕು, ಕೋಲಾರದ ಅಮಾನಿಕೆರೆಯೂ ಟ್ಯಾಂಕು. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಓಡಾಡುವ ಈ ಸೀಮೆಯ ರೈತನಿಗೆ ಇಷ್ಟು ಬಡತನ ಒಪ್ಪುವುದಿಲ್ಲ. ಕನ್ನಡಿಗನ ‘ಏರಿ’ ಕೆರೆಯ ದಂಡೆ. ಗಡಿ ದಾಟಿದರೆ ತಮಿಳಿನಲ್ಲಿ ‘ಏರಿ’ ಎಂದರೆ ಕೆರೆಯೇ. ತೆಲುಗಿನ ‘ಕಟ್ಟ’ ಏರಿ. ಕನ್ನಡದ ‘ಕಟ್ಟೆ’ ಚಿಕ್ಕ ಕೆರೆ. ಮುಳಬಾಗಿಲಿನ ಕಡೆ ಇಬ್ಬರು ರೈತರು ಒಂದೇ ಏರಿಯ ಮೇಲೆ ನಿಂತು ಹೆಸರು ಅದಲುಬದಲು ಮಾಡಿ ಮಾತಾಡಿದರೂ ಯಾರಿಗೂ ಗೊಂದಲವಾಗುವುದಿಲ್ಲ. ತೂಬು, ಕೋಡಿ, ಅಚ್ಚುಕಟ್ಟು, ರಾಜಕಾಲುವೆ ಇವೆಲ್ಲ ಕೆರೆಯ ಅಂಗಗಳು. ತೂಬು ತೆರೆದು ಗದ್ದೆಗದ್ದೆಗೆ ನೀರು ಹಂಚುವವನು ನೀರಗಂಟಿ. ಬಹಳ ಕಡೆ ಈ ಕಾಯಕ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದದ್ದು. ಕೆರೆ ಕಟ್ಟಿಸಿದವರಿಗೂ ದುರಸ್ತಿ ಮಾಡಿದವರಿಗೂ ಬಿಡುತ್ತಿದ್ದ ಭೂಮಿಗೆ ‘ಬಿತ್ತುವಟ್ಟ’, ‘ಕಟ್ಟುಕೊಡುಗೆ’ ಎಂಬ ಹೆಸರುಗಳನ್ನು ಶಾಸನಗಳು ಹೇಳುತ್ತವೆ. ಟ್ಯಾಂಕ್ ಎಂಬ ಪದದೊಳಗೆ ಈ ಯಾವ ಮನುಷ್ಯನೂ ಕಾಣುವುದಿಲ್ಲ.

ಪದದ ಅರ್ಥ ಬರಿಯ ನಿಘಂಟಿನ ವಿಷಯವೂ ಆಗಿರಲಿಲ್ಲ. 1892ರ ಫೆಬ್ರವರಿಯಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ಒಂದು ಒಪ್ಪಂದವಾಯಿತು. ಕಾವೇರಿ ವಿವಾದದಿಂದಾಗಿ ಅದರ ಹೆಸರನ್ನು ಎಲ್ಲರೂ ಬಲ್ಲರು. ಆದರೆ ಅದರ ಪಟ್ಟಿಯಲ್ಲಿ ಪಾಲಾರ್, ದಕ್ಷಿಣ ಪಿನಾಕಿನಿ, ಪಾಪಾಗ್ನಿ ನದಿಗಳೂ ಇದ್ದವು. ಕೋಲಾರ ಸೀಮೆಯ ನೀರು ಹರಿದುಹೋಗುವುದು ಈ ನದಿಗಳಿಗೇ. ಮದರಾಸಿನ ಒಪ್ಪಿಗೆಯಿಲ್ಲದೆ ಪಟ್ಟಿಯ ನದಿಗಳಿಗೆ ಅಡ್ಡಲಾಗಿ ‘ಹೊಸ’ ಜಲಾಶಯ ಕಟ್ಟುವಂತಿಲ್ಲ ಎಂಬುದು ಕರಾರು. ಹಾಗಾದರೆ ಹೊಸದು ಯಾವುದು? ಹಿಂದೆ ಇಲ್ಲದ್ದು ಮಾತ್ರವಲ್ಲ, ಒಮ್ಮೆ ಇದ್ದು ಮೂವತ್ತು ವರ್ಷಕ್ಕೂ ಮಿಕ್ಕಿ ಪಾಳುಬಿದ್ದ ಟ್ಯಾಂಕೂ ಹೊಸದೇ ಎಂದು ಒಪ್ಪಂದ ವ್ಯಾಖ್ಯಾನಿಸಿತು. ದುರಸ್ತಿ ಮಾಡಬಹುದಿತ್ತು, ಆದರೆ ಹಿಂದಿಗಿಂತ ಹೆಚ್ಚು ನೀರು ನಿಲ್ಲಿಸಿ ಅಚ್ಚುಕಟ್ಟನ್ನೂ ಹೆಚ್ಚಿಸುವಂತಿರಲಿಲ್ಲ. ತಾತನ ಕಾಲದಲ್ಲಿ ಒಡೆದ ಕೆರೆ ಊರಿನವರ ಪಾಲಿಗೆ ಹಳೆಯ ಕೆರೆಯೇ. ಕಾಗದದ ಮೇಲೆ ಮಾತ್ರ ಅದು ಇನ್ನೂ ಹುಟ್ಟದ ಟ್ಯಾಂಕು!

ಇತ್ತ ಪದ ತನ್ನ ದಾರಿ ಹಿಡಿದು ಎಲ್ಲೆಲ್ಲಿಗೋ ಹೋಯಿತು. ಅಮೆರಿಕದಲ್ಲಿ ಉಗಿಬಂಡಿ ನೀರು ತುಂಬಿಸಿಕೊಳ್ಳಲಷ್ಟೇ ನಿಲ್ಲುವ ಸಣ್ಣ ಊರು ‘ಟ್ಯಾಂಕ್ ಟೌನ್’ ಆಯಿತು. ಈಜುಕೊಳವೂ ಟ್ಯಾಂಕಾಗಿದ್ದರಿಂದ ಈಜುಡುಗೆಯನ್ನು ಹೋಲುವ ತೋಳಿಲ್ಲದ ಅಂಗಿಗೆ ‘ಟ್ಯಾಂಕ್ ಟಾಪ್’ ಎಂದರು. ವಿದ್ವಾಂಸರು ಕೂಡಿ ಚಿಂತಿಸುವ ಸಂಸ್ಥೆ ‘ಥಿಂಕ್ ಟ್ಯಾಂಕ್’.

ಎಲ್ಲಕ್ಕಿಂತ ವಿಚಿತ್ರವಾದದ್ದು ಯುದ್ಧದ ಟ್ಯಾಂಕಿನ ಕಥೆ. ಮೊದಲ ಮಹಾಯುದ್ಧದಲ್ಲಿ ಕಂದಕ ದಾಟುವ ಉಕ್ಕಿನ ವಾಹನವೊಂದನ್ನು ಬ್ರಿಟಿಷರು ಲಿಂಕನ್ ನಗರದ ಕಾರ್ಖಾನೆಯಲ್ಲಿ ಗುಟ್ಟಾಗಿ ಸಿದ್ಧಪಡಿಸುತ್ತಿದ್ದರು. ನೋಡಲು ಅದು ದೊಡ್ಡ ತೊಟ್ಟಿಯಂತಿತ್ತು. ಮೆಸೊಪೊಟೇಮಿಯಾಕ್ಕೆ ನೀರು ಸಾಗಿಸುವ ಗಾಡಿ ಎಂದು ಸುದ್ದಿ ಹಬ್ಬಿಸಲಾಯಿತು. 1915ರ ಡಿಸೆಂಬರಿನಲ್ಲಿ ಅದಕ್ಕೊಂದು ಮರೆಯ ಹೆಸರು ಬೇಕಾಯಿತು. ‘ಸಿಸ್ಟರ್ನ್’, ‘ರಿಸರ್ವಾಯರ್’ ಮುಂತಾದವನ್ನು ಕೈಬಿಟ್ಟು ಬಾಯಲ್ಲಿ ಸುಲಭವಾಗಿ ನಿಲ್ಲುವ ‘ಟ್ಯಾಂಕ್’ ಎಂಬುದನ್ನು ಆರಿಸಿದವರಲ್ಲಿ ಪ್ರಮುಖ ಅರ್ನೆಸ್ಟ್ ಸ್ವಿಂಟನ್ ಎಂಬ ಸೈನ್ಯಾಧಿಕಾರಿ. ಈತ ಹುಟ್ಟಿದ್ದು 1868ರಲ್ಲಿ, ಬೆಂಗಳೂರಿನಲ್ಲಿ! ತಂದೆ ಮದರಾಸು ಸಿವಿಲ್ ಸರ್ವಿಸಿನ ನ್ಯಾಯಾಧೀಶ. ಅಲಸೂರು, ಸಂಪಂಗಿ, ಧರ್ಮಾಂಬುಧಿ ಕೆರೆಗಳನ್ನೆಲ್ಲ ಇಂಗ್ಲಿಷರು ಟ್ಯಾಂಕೆಂದೇ ಕರೆಯುತ್ತಿದ್ದ ಊರಿನಿಂದ ಆ ಹುಡುಗ ಐದಾರರ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಹೋದ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ರಣರಂಗಕ್ಕೆ ಟ್ಯಾಂಕುಗಳು ಇಳಿದವು; ಗುಟ್ಟು ರಟ್ಟಾದರೂ ಹೆಸರು ಹೋಗಲಿಲ್ಲ. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಘಟಕವುಳ್ಳ ಬಿಇಎಂಎಲ್ ಕಂಪನಿ ತಯಾರಿಸಿದ ವಾಹನಗಳಲ್ಲಿ ಕೆಟ್ಟುನಿಂತ ಯುದ್ಧಟ್ಯಾಂಕನ್ನು ಎಳೆದು ತರುವ ವಾಹನವೂ ಉಂಟು. ಕೆರೆಗಳ ಜಿಲ್ಲೆಗೆ ಈ ಅರ್ಥವೂ ಬಂದು ತಲುಪಿದಂತಾಯಿತು.

ಈಗ ಈ ತಾಲ್ಲೂಕುಗಳಲ್ಲಿ ಶಾಲೆಯ ಮಗುವನ್ನು ‘ಟ್ಯಾಂಕ್’ ಎಲ್ಲಿದೆ ಎಂದು ಕೇಳಿದರೆ ಅದು ಬೆರಳು ತೋರುವುದು ಕೆರೆಯ ಕಡೆಗಲ್ಲ. ಊರಮುಂದಿನ ಕಾಂಕ್ರೀಟ್ ಕಂಬಗಳ ಮೇಲಿನ ತೊಟ್ಟಿಗೆ, ಇಲ್ಲವೇ ತಾರಸಿಯ ಮೇಲಿನ ಕಪ್ಪು ಸಿಂಟೆಕ್ಸಿಗೆ. ಜಿಲ್ಲೆ 2007ರಲ್ಲಿ ಇಬ್ಭಾಗವಾಗುವ ಮುನ್ನ ಇಲ್ಲಿ ನಾಲ್ಕು ಸಾವಿರಕ್ಕೂ ಮೀರಿ ಕೆರೆಗಳಿದ್ದವು. ರಾಜಕಾಲುವೆಗಳು ಮುಚ್ಚಿದವು, ಹೂಳು ತುಂಬಿತು, ನೀಲಗಿರಿ ತೋಪುಗಳು ಹಬ್ಬಿದವು. ಮಾಲೂರಿನ ಕಡೆ ಕೆರೆಯ ಮಣ್ಣು ಇಟ್ಟಿಗೆ, ಹೆಂಚುಗಳಾಯಿತು. ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಮೇಲೆ ಬಂದ ನೀರಿನಲ್ಲಿ ಫ್ಲೋರೈಡ್ ಸಿಕ್ಕಿತು. ಆಗ ಟ್ಯಾಂಕಿನ ಮರಿಯೊಂದು ಊರಿಗೆ ಬಂತು, ಅದೇ ಟ್ಯಾಂಕರ್. ಟ್ಯಾಂಕಿನ ನೀರಿಗೆ ನೀರಗಂಟಿಯ ಲೆಕ್ಕವಿತ್ತು. ಟ್ಯಾಂಕರಿನ ನೀರಿಗೆ ರೂಪಾಯಿಯ ಲೆಕ್ಕ.

2018ರ ಜೂನ್‌ನಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೊದಲ ನೀರು ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, ದಿನಕ್ಕೆ 44 ಕೋಟಿ ಲೀಟರಿನಷ್ಟನ್ನು 126 ಕೆರೆಗಳಿಗೆ ತುಂಬಿಸಿ ಅಂತರ್ಜಲ ಹೆಚ್ಚಿಸುವುದು ಇದರ ಉದ್ದೇಶ. ನೀರಿನಲ್ಲಿ ನೊರೆ ಕಂಡಾಗ ಜನ ಬೆಚ್ಚಿದರು, ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬತ್ತಿದ ಬಾವಿಗಳಲ್ಲಿ ನೀರು ಬಂದಿತೆಂದು ಸಂತೋಷಪಟ್ಟವರೂ ಇದ್ದಾರೆ. ಮೂರನೇ ಹಂತದ ಶುದ್ಧೀಕರಣವಾಗಲೇಬೇಕೆಂದು ಪಟ್ಟುಹಿಡಿದವರೂ ಇದ್ದಾರೆ. ಆ ನೀರು ಬೆಂಗಳೂರಿನ ಶುದ್ಧೀಕರಣ ಘಟಕದಲ್ಲಿ ತಂಗುವ ಕಾಂಕ್ರೀಟ್ ತೊಟ್ಟಿಗೂ ಇಂಗ್ಲಿಷಿನಲ್ಲಿ ಟ್ಯಾಂಕೆಂದೇ ಹೆಸರು.